ಜನವರಿ ಒಂದರ ಸೂಪು: ಹೈಟಿಯವರ ಸೂಪ್ ಜೂಮು ಮಾಡುವ ಬಗೆ

2015ರ ಜನವರಿ 1, ಬೆಳಿಗ್ಗೆ ಎಂಟು ಗಂಟೆ. ನಾವು ಮೈಸೂರಿನಿಂದ ಅಮೆರಿಕದ ಬಾಸ್ಟನ್‌ಗೆ ಬಂದು ನಾಲ್ಕು ತಿಂಗಳಾಗಿತ್ತು. ಡಾರ್ಚೆಸ್ಟರ್ ಅನ್ನುವ ಕಡೆ ಬಾಡಿಗೆ ಮನೆ. ಅಲ್ಲಿ ಮೂರು ಅಂತಸ್ತಿನ ಮರದ ಮನೆಗಳೇ ಜಾಸ್ತಿ, ಒಂದೊಂದು ಅಂತಸ್ತಿಗೆ ಒಂದೊಂದು ಸಂಸಾರ. ನಾವು ನಡುವಿನವರು. ಬಾಗಿಲು ತಟ್ಟಿದ ಸದ್ದಾಯಿತು. ತೆರೆದರೆ ಮೇಲಿನ ಮನೆಯ ಅಜ್ಜಿ ನಿಂತಿದ್ದಾರೆ, ಕೈಯಲ್ಲಿ ಟವೆಲ್ ಸುತ್ತಿದ ಪಾತ್ರೆ. "ಬಾನ್ ಆನೆ" ಅಂದರು. ಹಾಗಂದರೆ ಹೊಸ ವರ್ಷದ ಶುಭಾಶಯ. ನನ್ನ ಮಗಳಿಗೆ ಆಗ ಮೂರು ವರ್ಷ, ಆನೆ ಎಲ್ಲಿದೆ ಅಂತ ಅವರ ಹಿಂದೆ ಇಣುಕಿ ನೋಡಿದಳು.

ಪಾತ್ರೆಯ ಮುಚ್ಚಳ ತೆಗೆದರೆ ಅರಿಶಿನ ಕದಡಿದ ಹಾಗೆ ಹಳದಿ ಸೂಪು. ಅದರೊಳಗೆ ದನದ ಮಾಂಸದ ತುಂಡು, ಕ್ಯಾರೆಟ್, ಕೋಸು, ದಪ್ಪ ದಪ್ಪ ಪಾಸ್ತಾ. ಒಂದು ಚಮಚ ಬಾಯಿಗೆ ಇಟ್ಟಾಗ ನನಗೆ ನಮ್ಮಮ್ಮನ ಭಾನುವಾರದ ಬಾಡಿನ ಸಾರು ನೆನಪಾಯಿತು. ಅಮ್ಮನ ಸಾರಿನಲ್ಲಿ ಪಾಸ್ತಾ ಇರಲಿಲ್ಲ, ಥೈಮ್ ಅನ್ನುವ ಪರಿಮಳದ ಸೊಪ್ಪು ಇರಲಿಲ್ಲ. ಆದರೆ ನಲ್ಲಿ ಮೂಳೆ ಗಂಟೆಗಟ್ಟಲೆ ಬೆಂದು ಬಿಟ್ಟ ರಸಕ್ಕೆ ಊರು ಯಾವುದಾದರೇನು, ರುಚಿ ಒಂದೇ.

ಖಾಲಿ ಪಾತ್ರೆ ವಾಪಸ್ ಕೊಡುವ ಅಭ್ಯಾಸ ನಮ್ಮಲ್ಲಿಲ್ಲ ಅಲ್ವಾ. ಮಧ್ಯಾಹ್ನ ಅದರಲ್ಲಿ ಕೇಸರಿಬಾತ್ ತುಂಬಿಸಿ ಮೇಲೆ ಹೋದೆ. ಅವರು ನನ್ನನ್ನು ಒಲೆಯ ಪಕ್ಕ ಕೂರಿಸಿ, ಈ ಕುಂಬಳಕಾಯಿ ಸೂಪು, ಅಂದರೆ ಸೂಪ್ ಜೂಮು, ಯಾಕೆ ಅಂತ ಹೇಳಿದರು. ಅವರದು ಕೆರಿಬಿಯನ್ ಸಮುದ್ರದ ದ್ವೀಪದೇಶ ಹೈಟಿಯ ದಕ್ಷಿಣ ಕರಾವಳಿಯ ಜಾಕ್ಮೆಲ್ ಊರು. ಅವತ್ತಿನಿಂದ ನಾನು ಅವರನ್ನು ಕರೆಯುವುದು ಗ್ರಾನ್ ಅಂತ. ಅವರ ಕ್ರಿಯೋಲ್ ಭಾಷೆಯಲ್ಲಿ ಅದು ಅಜ್ಜಿ ಅನ್ನುವುದಕ್ಕೆ.

ಹೈಟಿ ಮೊದಲು ಫ್ರೆಂಚರ ವಸಾಹತು. ಆಫ್ರಿಕಾದಿಂದ ಹಿಡಿದು ತಂದ ಜನರನ್ನು ಕಬ್ಬಿನ ತೋಟಗಳಲ್ಲಿ ಗುಲಾಮರಾಗಿ ದುಡಿಸುತ್ತಿದ್ದರು. ಕುಂಬಳಕಾಯಿ ಬೆಳೆಯುವವರು ಅವರೇ, ಸೂಪು ಬೇಯಿಸುವವರೂ ಅವರೇ. ಕುಡಿಯುವವರು ಮಾತ್ರ ಯಜಮಾನರು. 1791ರಲ್ಲಿ ಗುಲಾಮರು ದಂಗೆ ಎದ್ದರು. ಹನ್ನೆರಡು ವರ್ಷಕ್ಕೂ ಹೆಚ್ಚು ಹೋರಾಡಿ ನೆಪೋಲಿಯನ್ನನ ಸೈನ್ಯವನ್ನೂ ಸೋಲಿಸಿದರು. 1804ರ ಜನವರಿ 1ರಂದು ಗೊನಾಯಿವ್ ಊರಿನಲ್ಲಿ ಅವರ ಸೇನಾನಾಯಕ ದೆಸಾಲೀನ್ ಸ್ವಾತಂತ್ರ್ಯ ಘೋಷಿಸಿದ. ತಮಗೆ ಯಾವ ಸೂಪು ಸಿಗುತ್ತಿರಲಿಲ್ಲವೋ ಅದನ್ನೇ ಮಾಡಿ, ಎಲ್ಲರೂ ಹಂಚಿಕೊಂಡು ಕುಡಿಯುವುದು ಅಂದಿನಿಂದ ಬಂದ ಪದ್ಧತಿ. ದೆಸಾಲೀನನ ಹೆಂಡತಿ ಮರಿ-ಕ್ಲೇರ್ ಇದನ್ನು ಶುರು ಮಾಡಿದಳು ಅಂತ ಅವರಲ್ಲಿ ಹೇಳುತ್ತಾರೆ. 2021ರ ಡಿಸೆಂಬರ್‌ನಲ್ಲಿ ಯುನೆಸ್ಕೋ ಈ ಸೂಪನ್ನು ಮನುಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಆ ಪಟ್ಟಿಯಲ್ಲಿ ಹೈಟಿಯದು ಅಂತ ಬಂದ ಮೊದಲ ಹೆಸರು ಇದೇ. ಆ ದಿನ ಗ್ರಾನ್ ಫೋನ್ ಹಿಡಿದುಕೊಂಡು ಮೆಟ್ಟಿಲಿಳಿದು ಬಂದು ನನಗೆ ಸುದ್ದಿ ತೋರಿಸಿದ್ದರು. ಕಣ್ಣು ಒದ್ದೆಯಾಗಿತ್ತು.

ಆದ್ದರಿಂದ ಇದನ್ನು ಇಬ್ಬರಿಗೆ ಆಗುವಷ್ಟು ಮಾಡಬೇಡಿ. ನಾನು ಹೇಳುವ ಅಳತೆ ಎಂಟು ಹತ್ತು ಜನಕ್ಕೆ ಸಾಕು. ದೊಡ್ಡದಾದ, ದಪ್ಪ ತಳದ ಪಾತ್ರೆ ಬೇಕು.

ಮೊದಲು ಮಾಂಸ. ಮುಂಗಾಲಿನ ಅಥವಾ ಹಿಂಗಾಲಿನ ಮಾಂಸವೇ ಬೇಕು, ಇಲ್ಲಿ ಅದಕ್ಕೆ ಶ್ಯಾಂಕ್ ಅನ್ನುತ್ತಾರೆ. ಮೂಳೆಯಿಲ್ಲದ್ದು 800 ಗ್ರಾಂ, ಜೊತೆಗೆ ಅರ್ಧ ಕಿಲೋ ನಲ್ಲಿ ಮೂಳೆ. ನುಣುಪಾದ ದುಬಾರಿ ಮಾಂಸ ತರಬೇಡಿ. ಅದು ಬೇಗ ಬೇಯುತ್ತದೆ, ಆದರೆ ಹೆಚ್ಚು ಹೊತ್ತು ಬೆಂದರೆ ಒಣಕಲು ನಾರಾಗುತ್ತದೆ. ಕಾಲಿನ ಮಾಂಸದಲ್ಲಿ ನರ, ಪೊರೆ ಜಾಸ್ತಿ. ಸಣ್ಣ ಉರಿಯಲ್ಲಿ ಅವು ಕರಗಿ ರಸಕ್ಕೆ ಅಂಟು ಕೊಡುತ್ತವೆ. ಸೂಪು ತುಟಿಗೆ ಸ್ವಲ್ಪ ಅಂಟಬೇಕು, ಅದೇ ಹದ. ಕರ್ನಾಟಕದಲ್ಲಿ ಮಾಡುವವರಿಗೆ ಸಿಗುವುದು ಹೆಚ್ಚಾಗಿ ಎಮ್ಮೆ ಮಾಂಸ. ಅದಕ್ಕೂ ಇದೇ ಕ್ರಮ. ಬಲಿತ ಮಾಂಸವಾದ್ದರಿಂದ ಇನ್ನೂ ಮುಕ್ಕಾಲು ಗಂಟೆ ಜಾಸ್ತಿ ಬೇಯಬೇಕು, ಅಷ್ಟೆ.

ಮಾಂಸವನ್ನು ಎರಡು ಬೆರಳಗಲದ ತುಂಡು ಮಾಡಿ. ಹೈಟಿಯವರು ಇದನ್ನು ನಿಂಬೆಹಣ್ಣಿನಿಂದ ಉಜ್ಜದೆ ಒಲೆಗೆ ಇಡುವುದೇ ಇಲ್ಲ. ಎರಡು ನಿಂಬೆಹಣ್ಣು ಕತ್ತರಿಸಿ, ಹೋಳಿನಿಂದಲೇ ತುಂಡುಗಳನ್ನು ಉಜ್ಜಿ. ಮೇಲೆ ಬಿಸಿನೀರು ಹುಯ್ದು ಒಂದು ನಿಮಿಷ ಬಿಟ್ಟು ಬಸಿಯಿರಿ. ಇದನ್ನು ನಲ್ಲಿಯ ಕೆಳಗೆ ಮಾಡಬೇಡಿ, ದೊಡ್ಡ ಪಾತ್ರೆಯೊಳಗೆ ಮಾಡಿ. ಹಸಿ ಮಾಂಸದ ನೀರು ಎಲ್ಲೆಲ್ಲೂ ಸಿಡಿಯಬಾರದು. ಆಮೇಲೆ ಸಿಂಕನ್ನು ಸೋಪು ಹಾಕಿ ತೊಳೆಯಿರಿ.

ಈಗ ಎಪಿಸ್. ಹೈಟಿಯ ಅಡುಗೆಯ ಜೀವ ಇದರಲ್ಲಿದೆ. ನಾವು ಮಸಾಲೆ ರುಬ್ಬುವ ಹಾಗೆ ಅವರು ಸೊಪ್ಪು ರುಬ್ಬುತ್ತಾರೆ. ಎಂಟು ಎಸಳು ಬೆಳ್ಳುಳ್ಳಿ, ಐದು ಎಳೆ ಈರುಳ್ಳಿ ಸೊಪ್ಪು, ಒಂದು ಹಿಡಿ ಪಾರ್ಸ್ಲಿ, ನಾಲ್ಕು ಕಡ್ಡಿ ಥೈಮ್‌ನ ಎಲೆ, ಅರ್ಧ ದಪ್ಪ ಮೆಣಸಿನಕಾಯಿ, ನಾಲ್ಕು ಲವಂಗ, ಒಂದು ಚಮಚ ಕಾಳುಮೆಣಸು, ಒಂದು ನಿಂಬೆಯ ರಸ, ಎರಡು ದೊಡ್ಡ ಚಮಚ ಎಣ್ಣೆ. ಜೊತೆಗೆ ಸ್ಕಾಚ್ ಬಾನೆಟ್ ಅನ್ನುವ ಮೆಣಸಿನಕಾಯಿಯ ಒಂದು ಸಣ್ಣ ಚೂರು. ಇದು ನೋಡಲು ಪುಟ್ಟ ಲಾಟೀನಿನ ಹಾಗಿರುತ್ತದೆ, ಖಾರ ಮಾತ್ರ ವಿಪರೀತ. ಮುಟ್ಟಿದ ಕೈಯಲ್ಲಿ ಕಣ್ಣು ಮುಟ್ಟಬೇಡಿ, ಮಕ್ಕಳನ್ನೂ ಮುಟ್ಟಬೇಡಿ. ಮಿಕ್ಸಿಯಲ್ಲಿ ತರಿತರಿಯಾಗಿ ರುಬ್ಬಿದರೆ ಸಾಕು. ಪಾರ್ಸ್ಲಿ ಸಿಗದಿದ್ದರೆ ಕೊತ್ತಂಬರಿ ಹಾಕಬಹುದು, ಅರ್ಧ ಹಿಡಿ ಮಾತ್ರ. ಜಾಸ್ತಿ ಹಾಕಿದರೆ ಸೂಪು ನಮ್ಮ ಸಾರಿನ ಕಡೆ ವಾಲುತ್ತದೆ. ಥೈಮ್ ಬಿಟ್ಟರೆ ಇದು ಸೂಪ್ ಜೂಮು ಅಲ್ಲ. ಒಣಗಿದ್ದಾದರೂ ಪರವಾಗಿಲ್ಲ, ಒಂದು ಚಮಚ ಹಾಕಿ.

ಈ ಎಪಿಸ್‌ನ ಮುಕ್ಕಾಲು ಭಾಗ ಮತ್ತು ಎರಡು ಚಮಚ ಉಪ್ಪನ್ನು ಮಾಂಸಕ್ಕೂ ಮೂಳೆಗೂ ಕಲಸಿ, ಮುಚ್ಚಿ, ಫ್ರಿಜ್‌ನಲ್ಲಿ ರಾತ್ರಿಯಿಡೀ ಇಡಿ. ನಾನು ಡಿಸೆಂಬರ್ 30ರ ರಾತ್ರಿ ಕಲಸಿಡುತ್ತೇನೆ. ತೀರಾ ಅವಸರವಿದ್ದರೆ ನಾಲ್ಕು ಗಂಟೆ. ಅದಕ್ಕಿಂತ ಕಡಿಮೆಯಾದರೆ ವಾಸನೆ ಸೊಪ್ಪಿನದು ಸೊಪ್ಪಿಗೆ, ಮಾಂಸದ್ದು ಮಾಂಸಕ್ಕೆ, ಬೇರೆ ಬೇರೆ ಉಳಿಯುತ್ತದೆ.

31ರ ಮಧ್ಯಾಹ್ನ ಪಾತ್ರೆಗೆ ಸ್ವಲ್ಪ ಎಣ್ಣೆ ಹಾಕಿ ಕಾಯಿಸಿ. ಮಾಂಸಕ್ಕೆ ಅಂಟಿದ ಸೊಪ್ಪನ್ನು ಕೈಯಿಂದ ಒರೆಸಿ ಬದಿಗಿಡಿ, ಇಲ್ಲದಿದ್ದರೆ ಅದು ಸೀದು ಕಹಿಯಾಗುತ್ತದೆ. ತುಂಡುಗಳನ್ನು ಎರಡು ಮೂರು ಸಲವಾಗಿ ಹಾಕಿ ಕಂದು ಬರುವವರೆಗೆ ಹುರಿಯಿರಿ. ಒಟ್ಟಿಗೆ ಸುರಿದರೆ ನೀರು ಬಿಟ್ಟುಕೊಂಡು ಬೇಯುತ್ತದೆಯೇ ಹೊರತು ಹುರಿಯುವುದಿಲ್ಲ. ಒಂದು ಈರುಳ್ಳಿ ಹೆಚ್ಚಿ ಹಾಕಿ. ಒರೆಸಿಟ್ಟ ಎಪಿಸ್, ಮೂಳೆ ಎಲ್ಲ ಹಾಕಿ, ಮೂರು ಲೀಟರ್ ಬಿಸಿನೀರು ಹುಯ್ಯಿರಿ. ಒಂದು ಕುದಿ ಬಂದ ಮೇಲೆ ನೊರೆ ತೆಗೆದು, ಉರಿ ಪೂರ್ತಿ ಸಣ್ಣಗೆ ಮಾಡಿ ಎರಡು ಗಂಟೆ ಬಿಡಿ. ಕೊತಕೊತ ಕುದಿಯಬಾರದು. ಅಲ್ಲೊಂದು ಇಲ್ಲೊಂದು ಗುಳ್ಳೆ ಏಳುತ್ತಿರಬೇಕು.

ಕುಕ್ಕರ್‌ನಲ್ಲಿ ಮಾಡಬಾರದಾ ಅಂತ ಕೇಳುತ್ತೀರಿ. ಮಾಡಬಹುದು. ನಾನು ಎರಡು ವರ್ಷ ಊರಿನಿಂದ ತಂದ ಕುಕ್ಕರ್‌ನಲ್ಲೇ ಮಾಡಿದೆ. ಎರಡು ಲೀಟರ್ ನೀರು ಹಾಕಿ, ಮೊದಲ ಕೂಗಿನ ಮೇಲೆ ಸಣ್ಣ ಉರಿಯಲ್ಲಿ 35 ನಿಮಿಷ. ಮಾಂಸ ಚೆನ್ನಾಗಿಯೇ ಬೆಂದಿತ್ತು. ಆದರೆ ರಸ ಕಲಕಿಕೊಂಡು ಮಂಕಾಗಿತ್ತು, ಜಿಡ್ಡೆಲ್ಲ ಅದರೊಳಗೇ ಬೆರೆತಿತ್ತು. ತೆರೆದ ಪಾತ್ರೆಯಲ್ಲಾದರೆ ಜಿಡ್ಡು ಮೇಲೆ ತೇಲುತ್ತದೆ, ಸೌಟಿನಲ್ಲಿ ತೆಗೆಯಬಹುದು. ಕೆಲಸಕ್ಕೆ ಹೋಗುವ ದಿನ ಕುಕ್ಕರ್, ಹಬ್ಬದ ದಿನ ಪಾತ್ರೆ ಅಂತ ಮಾಡಿಕೊಂಡಿದ್ದೇನೆ.

ಮಾಂಸ ಬೇಯುವಾಗ ಕುಂಬಳಕಾಯಿ ಕೆಲಸ. ಜೂಮು ಅಂದರೇನೇ ಕುಂಬಳಕಾಯಿ. ಇಲ್ಲಿನ ಕೆರಿಬಿಯನ್ ಅಂಗಡಿಗಳಲ್ಲಿ ಕಲಬಾಸಾ ಅಂತ ದೊಡ್ಡ ಹೋಳು ಸಿಗುತ್ತದೆ. ಅದು ನಮ್ಮ ಸಿಹಿಕುಂಬಳಕಾಯಿಗೆ ತುಂಬ ಹತ್ತಿರದ್ದು. ಊರಿನಲ್ಲಿರುವವರು ಸಂತೆಯಿಂದ ಚೆನ್ನಾಗಿ ಬಲಿತ, ಒಳಗೆ ಕೆಂಪು ಹಳದಿ ಬಣ್ಣದ ಕಾಯಿ ನೋಡಿ ತಂದರೆ ಆಯಿತು. ಬೂದುಗುಂಬಳ ಅಲ್ಲ. ಎಳೆಯದಾದರೆ ಸೂಪು ನೀರಾಗುತ್ತದೆ. 1.2 ಕಿಲೋ ತೂಗುವ ಹೋಳಿನ ಬೀಜ, ಸಿಪ್ಪೆ ತೆಗೆದು, ಹೆಚ್ಚಿ, ಮುಳುಗುವಷ್ಟು ನೀರಿನಲ್ಲಿ 20 ನಿಮಿಷ ಬೇಯಿಸಿ. ಬೆಂದ ನೀರಿನ ಸಮೇತ ನುಣ್ಣಗೆ ರುಬ್ಬಿ. ತಣ್ಣಗಾದ ಮೇಲೆಯೇ ಮಿಕ್ಸಿಗೆ ಹಾಕಿ, ಬಿಸಿಯದ್ದು ಮುಚ್ಚಳ ಹಾರಿಸುತ್ತದೆ. ಕೆಲವರು ಕುಂಬಳಕಾಯಿಯನ್ನು ಮಾಂಸದ ಜೊತೆಗೇ ಬೇಯಿಸಿ ಆಮೇಲೆ ತೆಗೆದು ರುಬ್ಬುತ್ತಾರೆ. ನನಗೆ ಬೇರೆ ಬೇಯಿಸುವುದೇ ಸರಿ ಅನಿಸಿದೆ. ಸೂಪು ಎಷ್ಟು ಗಟ್ಟಿ ಇರಬೇಕು ಅನ್ನುವುದು ಆಗ ನಮ್ಮ ಕೈಯಲ್ಲಿರುತ್ತದೆ.

ಮಾಂಸ ಒತ್ತಿದರೆ ಬಿಡುವ ಹದಕ್ಕೆ ಬಂದ ಮೇಲೆ ರುಬ್ಬಿದ ಕುಂಬಳಕಾಯಿ ಸೇರಿಸಿ. ಸೂಪು ತೆಳುವಾದ ಬೇಳೆ ಸಾರಿಗಿಂತ ಒಂದು ಪಟ್ಟು ಮಂದ ಇರಬೇಕು. ಆಮೇಲೆ ತರಕಾರಿ: ಎರಡು ಕ್ಯಾರೆಟ್, ಎರಡು ಆಲೂಗಡ್ಡೆ, ಒಂದು ಟರ್ನಿಪ್, ಎರಡು ದಂಟು ಸೆಲರಿ. ಟರ್ನಿಪ್ ಬದಲು ನವಿಲುಕೋಸು ಚೆನ್ನಾಗಿ ಹೊಂದುತ್ತದೆ, ಗ್ರಾನ್ ಕೂಡ ಒಪ್ಪಿದ್ದಾರೆ. ಎಲ್ಲ ದಪ್ಪಗೆ ಹೆಚ್ಚಿ. ಹತ್ತು ನಿಮಿಷದ ನಂತರ ಕಾಲು ಭಾಗ ಎಲೆಕೋಸು, ಉಳಿಸಿಟ್ಟ ಎಪಿಸ್. ಆಗಲೇ ಒಂದು ಇಡೀ ಸ್ಕಾಚ್ ಬಾನೆಟ್ ಅನ್ನು ತೊಟ್ಟು ಮುರಿಯದೆ, ಕೊಯ್ಯದೆ ಮೇಲೆ ತೇಲಿಬಿಡಿ. ಅದರ ಪರಿಮಳ ಮಾವಿನಹಣ್ಣಿನ ಹಾಗೆ. ಸೂಪಿಗೆ ಬೇಕಾಗಿರುವುದು ಆ ಪರಿಮಳ, ಪೂರ್ತಿ ಖಾರ ಅಲ್ಲ. ಸೌಟು ಆಡಿಸುವಾಗ ಅದರ ಮೇಲೆ ಕಣ್ಣಿರಲಿ, ಒಡೆದರೆ ಮಕ್ಕಳು ಸೂಪು ಮುಟ್ಟಲಾರರು. ಕಾಲು ಗಂಟೆಯ ನಂತರ ಮೆಲ್ಲಗೆ ಎತ್ತಿ ತೆಗೆಯಿರಿ. ಊರಿನಲ್ಲಿ ಇದು ಸಿಗದಿದ್ದರೆ ಎರಡು ಹಸಿಮೆಣಸಿನಕಾಯಿ ಇಡಿಯಾಗಿ ಹಾಕಿ ತೆಗೆಯಿರಿ. ಖಾರಕ್ಕೆ ಆಗುತ್ತದೆ, ಪರಿಮಳಕ್ಕೆ ಸಾಟಿ ಇಲ್ಲ.

ರಾತ್ರಿ ಇಲ್ಲಿಗೆ ನಿಲ್ಲಿಸಿ. ಪಾಸ್ತಾ ಹಾಕಬೇಡಿ. ಈ ಮಾತನ್ನು ದಯವಿಟ್ಟು ಕೇಳಿ. ನಾನೇ ಮೊದಲ ಸಲ ಮಾಡಿದ ವರ್ಷ ಬೆಳಿಗ್ಗೆ ಕೆಲಸ ಕಡಿಮೆಯಾಗಲಿ ಅಂತ ರಾತ್ರಿಯೇ ಪಾಸ್ತಾ ಹಾಕಿ ಮುಗಿಸಿದೆ. ಬೆಳಿಗ್ಗೆ ನೋಡಿದರೆ ಪಾತ್ರೆಯಲ್ಲಿ ರಸವೇ ಇಲ್ಲ. ಎಲ್ಲವನ್ನೂ ಪಾಸ್ತಾ ಕುಡಿದು, ಬೆರಳು ತಾಗಿದರೆ ಒಡೆಯುವಷ್ಟು ಊದಿಕೊಂಡಿತ್ತು. ಮೂರು ಗಂಟೆ ಬೇಯಿಸಿದ ಮೂಳೆಯ ರಸ ಹಾಗೆ ಹೋಗಿದ್ದಕ್ಕೆ ನನಗೆ ಅಳುವೇ ಬಂತು. ಪಾಸ್ತಾ ಹಿಟ್ಟಿನ ವಸ್ತು. ಉರಿ ಆರಿಸಿದರೂ ನೀರು ಎಳೆಯುತ್ತಲೇ ಇರುತ್ತದೆ. ಸೂಪನ್ನು ಎರಡು ಮೂರು ಅಗಲವಾದ ಡಬ್ಬಿಗಳಿಗೆ ಹಂಚಿದರೆ ಬೇಗ ತಣ್ಣಗಾಗುತ್ತದೆ. ಎರಡು ಗಂಟೆಯೊಳಗೆ ಫ್ರಿಜ್‌ಗೆ ಸೇರಿಸಿ.

ಬೆಳಿಗ್ಗೆ ಮೇಲೆ ಹೆಪ್ಪುಗಟ್ಟಿದ ಜಿಡ್ಡಿನಲ್ಲಿ ಅರ್ಧ ತೆಗೆಯಿರಿ, ಅರ್ಧ ಬಿಡಿ. ಸೂಪು ಚೆನ್ನಾಗಿ ಕುದಿಯಲಿ. ನೀರು ಬೇಕೆನಿಸಿದರೆ ಬಿಸಿನೀರು ಸೇರಿಸಿ. ಆಮೇಲೆ 200 ಗ್ರಾಂ ರಿಗಟೋನಿ ಅಥವಾ ಪೆನ್ನೆ. ಗ್ರಾನ್ ಮನೆಯಲ್ಲಿ ರಿಗಟೋನಿ. ಅದರ ಕೊಳವೆಯೊಳಗೆ ಸೂಪು ತುಂಬಿಕೊಳ್ಳುತ್ತದೆ ಅನ್ನುವುದು ಅವರ ಲೆಕ್ಕ. ಸ್ಪಗೆಟ್ಟಿ ಮುರಿದು ಹಾಕುವವರೂ ಇದ್ದಾರೆ. ಪ್ಯಾಕೆಟ್ ಮೇಲೆ 12 ನಿಮಿಷ ಅಂತ ಬರೆದಿದ್ದರೆ 10ಕ್ಕೇ ಆರಿಸಿ, ಉಳಿದದ್ದು ಬಟ್ಟಲಿನಲ್ಲಿ ಆಗುತ್ತದೆ. ಕೊನೆಗೆ ಒಂದು ದೊಡ್ಡ ಚಮಚ ಬೆಣ್ಣೆ, ಅರ್ಧ ನಿಂಬೆಯ ರಸ. ಉಪ್ಪು ನೋಡುವುದು ಈಗಲೇ, ಮೊದಲೇ ಅಲ್ಲ, ಯಾಕೆಂದರೆ ಕುಂಬಳಕಾಯಿಯ ಸಿಹಿ ಮತ್ತು ಪಾಸ್ತಾ ಎರಡೂ ಉಪ್ಪನ್ನು ನುಂಗುತ್ತವೆ. ಜೊತೆಗೆ ಬ್ರೆಡ್.

ಹಂಚುವ ಸೂಪಿಗೆ ನಾನು ಇನ್ನೊಂದು ಕ್ರಮ ಇಟ್ಟುಕೊಂಡಿದ್ದೇನೆ. ದೂರದ ಮನೆಗೆ ಕೊಡುವುದಾದರೆ ಪಾಸ್ತಾ ಇಲ್ಲದ ಸೂಪು ಒಂದು ಡಬ್ಬಿ, ಎಣ್ಣೆ ಸವರಿದ ಬೆಂದ ಪಾಸ್ತಾ ಇನ್ನೊಂದು ಡಬ್ಬಿ. ಅವರು ಮನೆಯಲ್ಲಿ ಬಿಸಿ ಮಾಡಿ ಬೆರೆಸಿಕೊಳ್ಳುತ್ತಾರೆ.

ಗ್ರಾನ್‌ಗೆ ಈಗ ಮಂಡಿ ನೋವು, ದೊಡ್ಡ ಪಾತ್ರೆ ಎತ್ತಲು ಆಗುವುದಿಲ್ಲ. ಹಾಗಾಗಿ ಮೂರು ವರ್ಷದಿಂದ ಸೂಪು ನಮ್ಮ ಅಡುಗೆಮನೆಯಲ್ಲೇ. ಅವರು ಕುರ್ಚಿ ಹಾಕಿಕೊಂಡು ಕೂತು ಕ್ಯಾರೆಟ್ ಹೆಚ್ಚುತ್ತಾರೆ, ಜಾಕ್ಮೆಲ್‌ನ ಕಥೆ ಹೇಳುತ್ತಾರೆ. ಮೊದಲ ಬಟ್ಟಲು ಅವರಿಗೆ. ಹೋದ ವರ್ಷ ಒಂದು ಗುಟುಕು ಕುಡಿದು, ಚಮಚ ಕೆಳಗಿಟ್ಟು, ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದರು. ಆಮೇಲೆ ನಿಂಬೆಹಣ್ಣು ಇನ್ನೊಂದು ಹೋಳು ಬೇಕು ಅಂದರು. ಮಗಳು ಕತ್ತರಿಸಿ ಕೊಟ್ಟಳು.