ಟ್ರಂಕಿನ ಕಾಗದ, ಚೆಕ್ಕುಬಂದಿಯ ಊರು

ಜಮೀನಿನ ಮೂಲಪತ್ರವನ್ನು ಎಲ್ಲ ಮನೆಯಲ್ಲೂ ಜೋಪಾನ ಮಾಡುತ್ತಾರೆ. ತೀರಿದ ಭೋಗ್ಯಪತ್ರ, ಕಂದಾಯ ರಸೀದಿ, ಮದುವೆ ಖರ್ಚಿನ ಪಟ್ಟಿ ಮಾತ್ರ ಒಲೆ ಸೇರುತ್ತವೆ. ವಂಶದ ಕಥೆ ಹುಡುಕುವವರಿಗೆ ಬೇಕಾದದ್ದು ಈ ಎರಡನೆಯ ಜಾತಿಯ ಕಾಗದ.

ನಮ್ಮ ಅಜ್ಜನ ಟ್ರಂಕಿನಲ್ಲಿದ್ದ ಗಂಟುಗಳನ್ನು ಬಿಚ್ಚುವ ಮೊದಲೇ ಫೋಟೊ ತೆಗೆದು ನಂಬರ್ ಹಾಕಿದೆ. ಯಾವ ಪತ್ರದ ಜೊತೆ ಯಾವ ರಸೀದಿ ಕಟ್ಟಿತ್ತು ಅನ್ನುವುದೂ ಗೊತ್ತಿರಬೇಕಲ್ಲ. ಧೂಳಿಗೆ ಮೆತ್ತನೆಯ ಬ್ರಷ್ ಸಾಕು. ಹರಿದ ಮಡಿಕೆಗೆ ಸೆಲೋಟೇಪ್ ಹಚ್ಚಲೇಬೇಡಿ, ಅಂಟು ಹಳದಿಗಟ್ಟಿ ಅಕ್ಷರವನ್ನೇ ತಿನ್ನುತ್ತದೆ. ಲ್ಯಾಮಿನೇಷನ್ ಮಾಡಿಸಿದರೆ ಮತ್ತೆ ಬಿಡಿಸಲು ಬರುವುದಿಲ್ಲ. ಚಿತ್ರ ತೆಗೆಯುವಾಗ ಹಿಂಬದಿಯನ್ನೂ ತೆಗೆಯಿರಿ. ನೋಂದಣಿ ನಂಬರು, ಪುಸ್ತಕ, ಪುಟ ಎಲ್ಲ ಸಾಮಾನ್ಯವಾಗಿ ಅಲ್ಲೇ ಇರುತ್ತವೆ.

ಓದುವಾಗ ನಾನು ನೇರ ಚೆಕ್ಕುಬಂದಿಗೆ, ಅಂದರೆ ಜಮೀನಿನ ನಾಲ್ಕು ದಿಕ್ಕಿನ ಎಲ್ಲೆಗೆ, ಹೋಗುತ್ತೇನೆ. ಒಂದು ಭೋಗ್ಯಪತ್ರದಲ್ಲಿ ಹೀಗಿದೆ: ಪೂರ್ವಕ್ಕೆ ಗಾಣಿಗರ ಬಾವಿ, ಪಶ್ಚಿಮಕ್ಕೆ ಸಂತೆಗೆ ಹೋಗುವ ಬಂಡಿದಾರಿ, ಉತ್ತರಕ್ಕೆ ತೋಟಿ ಇನಾಮಿನ ಹೊಲ, ದಕ್ಷಿಣಕ್ಕೆ ಹಳ್ಳ. ಇವತ್ತು ಹಳ್ಳವೊಂದೇ ಉಳಿದಿದೆ. ಬಾವಿ ಮುಚ್ಚಿ ಮನೆ ಎದ್ದಿದೆ. ಊರಿನ ಚಾಕರಿ ಮಾಡುತ್ತಿದ್ದ ತೋಟಿ, ತಳವಾರರ ಹುದ್ದೆಗಳು 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆಯಲ್ಲಿ ಹೋದವು. ಸಂತೆ ಯಾವ ಊರಲ್ಲಿ ಕೂಡುತ್ತಿತ್ತು ಅಂತ ಕೇಳಿದರೆ ಹಿರಿಯರು ಒಬ್ಬೊಬ್ಬರು ಒಂದೊಂದು ಊರು ಹೇಳುತ್ತಾರೆ.

ಇಸವಿಯ ತೊಡಕು ಬೇರೆ. ಬರೀ ‘ಪ್ಲವಂಗ ಸಂವತ್ಸರ’ ಅಂತಿದ್ದರೆ 1907 ಆಗಬಹುದು, 1967 ಕೂಡ ಆಗಬಹುದು. ಮೊತ್ತ ಆಣೆ-ಪೈಯಲ್ಲಿದ್ದರೆ ಹಳೆಯದೇ ಸರಿ, 1957ರ ಏಪ್ರಿಲ್‌ನಿಂದ ನಯಾಪೈಸೆ ಬಂತಲ್ಲ.

ನಮ್ಮಲ್ಲಿಗೆ ಸುಗ್ಗಿ ಮುಗಿದ ಮೇಲೆ ವಂಶಾವಳಿ ಬರೆದಿಡುವ ಹೆಳವರು ಬಂದು ಮನೆತನದ ಹೆಸರು ಹೇಳಿ ಕಾಳುಕಡಿ ಒಯ್ಯುತ್ತಾರೆ. ಅವರ ಪುಸ್ತಕವನ್ನೂ ಪತ್ರಗಳನ್ನೂ ಎದುರುಬದುರು ಇಟ್ಟು ನೋಡಿದೆ. ಗಂಡಸರ ಸಾಲು ಹೆಚ್ಚುಕಡಿಮೆ ಹೊಂದಿತು. ನಮ್ಮ ಮನೆತನದ ಹೆಣ್ಣುಮಕ್ಕಳು ಮಾತ್ರ ಆ ಪುಸ್ತಕದಲ್ಲಿ ಇಲ್ಲವೇ ಇಲ್ಲ. ಅವರು ಸಿಕ್ಕಿದ್ದು ಪತ್ರಗಳಲ್ಲಿ, ‘ಕೋಂ’ (ಹೆಂಡತಿ) ಇಂಥವರು ಎಂದು, ಪಕ್ಕದಲ್ಲಿ ಹೆಬ್ಬೆಟ್ಟಿನ ಗುರುತಿನೊಂದಿಗೆ. ಮುತ್ತಜ್ಜನ ಮೊದಲ ಹೆಂಡತಿ ಯಾರೆಂದು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಆಕೆ ತನ್ನ ಹೆಸರಿನ ತೋಟ ಮಾರಿದ ಕ್ರಯಪತ್ರ ಸಿಕ್ಕಿತು.

ಚಿತ್ರಗಳ ಪ್ರತಿಯನ್ನು ದಾಯಾದಿಗಳಿಗೂ ಕೊಟ್ಟೆ. ಆಸ್ತಿ ಕಾಗದ ಅಂದರೆ ಅನುಮಾನ ಇದ್ದದ್ದೇ. ಆದರೂ ಚಿಕ್ಕಪ್ಪನ ಮನೆಯಿಂದ ಒಂದು ಪಾಲುಪಟ್ಟಿ ಹೊರಬಂತು. ಈಗ ಅದರ ಸಾಕ್ಷಿಗಳ ರುಜು ಬಿಡಿಸುತ್ತಿದ್ದೇನೆ, ಒಂದು ಹಳೆಯ ಮೋಡಿ ಲಿಪಿಯಲ್ಲಿದೆ.