ಕಲ್ಲು ಚಪ್ಪಡಿ ಮನೆ ಗಟ್ಟಿ ಮಾಡಿದ ಲೆಕ್ಕ

"ಹಳೇ ಮನೇನ ಭೂಕಂಪಕ್ಕೆ ಗಟ್ಟಿ ಮಾಡ್ಸೋಕೆ ಚದರಕ್ಕೆ ಎಷ್ಟಾಗುತ್ತೆ ಸಾರ್?"

ಚಿಕ್ಕಬಳ್ಳಾಪುರದಲ್ಲಿ ಮನೆ ಕಟ್ಟಿಸುವ, ರಿಪೇರಿ ಮಾಡಿಸುವ ಕೆಲಸ ನನ್ನದು. ಈ ಪ್ರಶ್ನೆ ನನ್ನ ಹತ್ತಿರ ಬರತೊಡಗಿದ್ದು 2021ರ ಕೊನೆಯಲ್ಲಿ. ಆ ವರ್ಷ ಮಳೆ ವಿಪರೀತ. ಎಷ್ಟೋ ವರ್ಷದಿಂದ ಒಣಗಿದ್ದ ಕೆರೆಗಳೆಲ್ಲ ಕೋಡಿ ಹರಿದವು. ಅದರ ಬೆನ್ನಿಗೇ ಜಿಲ್ಲೆಯ ಹಳ್ಳಿಗಳಲ್ಲಿ ನೆಲದೊಳಗಿಂದ ಗುಡುಗಿದಂತೆ ಸದ್ದು, ಪಾತ್ರೆ ಅಲುಗಾಟ. ಡಿಸೆಂಬರ್ 22ರ ಬೆಳಗ್ಗೆ ಕೆಲವೇ ನಿಮಿಷಗಳ ಅಂತರದಲ್ಲಿ 2.9 ಮತ್ತು 3.0 ತೀವ್ರತೆಯ ಎರಡು ಕಂಪನಗಳು ದಾಖಲಾದವು. ಬಂಡೆಯ ಬಿರುಕುಗಳಿಗೆ ಮಳೆನೀರು ಇಳಿದು ಹೀಗಾಗುತ್ತದೆ, ಹೆದರಬೇಡಿ ಎಂದು ಅಧಿಕಾರಿಗಳು ಬಂದು ಹೇಳಿದರು. ಜನ ಮಾತ್ರ ಚಳಿಯಲ್ಲೇ ಹೊರಗೆ ಮಲಗಿದರು.

ಹೊಸ ಮನೆಯಾದರೆ ಚದರದ, ಅಂದರೆ ನೂರು ಚದರಡಿಯ, ರೇಟು ಬಾಯಲ್ಲೇ ಇರುತ್ತದೆ. ಹಳೇ ಮನೆಗೆ ಹಾಗೆ ಹೇಳಲು ಬರುವುದಿಲ್ಲ. ಆದರೂ ಹೇಳುವವರಿದ್ದಾರೆ. ಮಂಡಿಕಲ್ ಕಡೆಯ ಹಳ್ಳಿಯೊಂದರ ನಿವೃತ್ತ ಮೇಷ್ಟ್ರಿಗೆ ಒಬ್ಬ ಗುತ್ತಿಗೆದಾರ ಎಂಟು ಲಕ್ಷ ಹೇಳಿದ್ದ. ಮನೆಯ ನಾಲ್ಕು ಮೂಲೆಗೆ, ನಡುವೆ ಎರಡು ಕಡೆ ಆರ್‌ಸಿಸಿ ಪಿಲ್ಲರ್ ಎಬ್ಬಿಸಿ, ಮೇಲೆ ಬೀಮ್ ಕೊಡುವುದು ಅವನ ಉಪಾಯ. ಗೋಡೆಗೂ ಪಿಲ್ಲರಿಗೂ ಬೆಸುಗೆಯೇ ಇಲ್ಲದಿದ್ದರೆ ನೆಲ ಅಲುಗಿದಾಗ ಗೋಡೆ ತನ್ನ ಪಾಡಿಗೆ ಬೀಳುತ್ತದೆ, ಪಿಲ್ಲರು ತನ್ನ ಪಾಡಿಗೆ ನಿಂತಿರುತ್ತದೆ. ಎಂಟು ಲಕ್ಷಕ್ಕೆ ಸಿಗುವುದು ಅಷ್ಟೇ.

ಮೇಷ್ಟ್ರ ಮನೆ ಹನ್ನೆರಡು ಚದರ. ಮುಂದಿನ ಆರು ಚದರಕ್ಕೆ ಕಲ್ಲು ಚಪ್ಪಡಿಯ ಚಾವಣಿ, ಹಿಂದಿನ ಅಡುಗೆಮನೆ ಮತ್ತು ಕೊಟ್ಟಿಗೆಗೆ ಮಂಗಳೂರು ಹೆಂಚು. ಹೊರಗೋಡೆ ಒಂದೂವರೆ ಅಡಿ ದಪ್ಪ: ಹೊರಗೊಂದು ಸಾಲು ಕಲ್ಲು, ಒಳಗೊಂದು ಸಾಲು ಕಲ್ಲು, ನಡುವೆ ಚೂರುಕಲ್ಲು, ಮಣ್ಣು. ನಮ್ಮ ಕಡೆ ನೂರಕ್ಕೆ ತೊಂಬತ್ತು ಹಳೇ ಕಲ್ಲುಮನೆ ಹೀಗೇ. ನೋಡಲು ಕೋಟೆಯ ಹಾಗಿರುತ್ತದೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಲಾತೂರು ಜಿಲ್ಲೆಯ ಕಿಲ್ಲಾರಿಯ ಭೂಕಂಪದಲ್ಲಿ ಸಾವಿರಾರು ಜನರ ಮೇಲೆ ಬಿದ್ದದ್ದು ಇಂಥವೇ ಗೋಡೆಗಳು, ಇಂಥದೇ ಭಾರದ ಮಾಳಿಗೆಗಳು. ದೇಶದ ಆಗಿನ ಭೂಕಂಪ ನಕ್ಷೆಯಲ್ಲಿ ಕಿಲ್ಲಾರಿ ಇದ್ದದ್ದು ಅತಿ ಕಡಿಮೆ ಅಪಾಯದ ಒಂದನೇ ವಲಯದಲ್ಲಿ. 2002ರ ಪರಿಷ್ಕರಣೆಯಲ್ಲಿ ಒಂದನೇ ವಲಯವನ್ನೇ ತೆಗೆದು ಎರಡಕ್ಕೆ ಸೇರಿಸಿದರು. ಆ ನಕ್ಷೆಯಲ್ಲಿ ನಾವಿರುವುದು ಎರಡನೇ ವಲಯದಲ್ಲಿ.

ಎರಡನೇ ವಲಯ ಅಂದರೆ ಲೆಕ್ಕದಲ್ಲಿ ಎಷ್ಟು? ಭೂಕಂಪ ತಡೆಯುವ ಕಟ್ಟಡಗಳ ಭಾರತೀಯ ಮಾನಕ ಐಎಸ್ 1893ರ 2016ರ ಆವೃತ್ತಿಯ ಪ್ರಕಾರ, ಕಬ್ಬಿಣವಿಲ್ಲದ ಕಲ್ಲು-ಇಟ್ಟಿಗೆ ಗೋಡೆಯ ಸಣ್ಣ ಮನೆಗೆ ಅದರ ತೂಕದ ಸುಮಾರು ಶೇ. 8ರಷ್ಟು ಬಲ ಅಡ್ಡಡ್ಡ ಬರುತ್ತದೆ ಎಂದು ಹಿಡಿಯಬೇಕು. ಐದನೇ ವಲಯದಲ್ಲಿ ಇದೇ ಶೇ. 30 ಆಗುತ್ತದೆ. ನಮ್ಮದು ಅದರ ಕಾಲು ಭಾಗಕ್ಕೂ ತುಸು ಮೇಲೆ. ಹಾಗಾಗಿ ಭುಜ್‌ನಲ್ಲೋ ಉತ್ತರಾಖಂಡದಲ್ಲೋ ಮಾಡುವ ದುಬಾರಿ ಕೆಲಸ ಇಲ್ಲಿ ಬೇಕಿಲ್ಲ. ಬಲ ತೂಕದ ಮೇಲೆ ನಿಂತಿರುವುದರಿಂದ, ಮೊದಲು ತೂಕ ಇಳಿಸಬೇಕು. ಆಮೇಲೆ ಉಳಿದದ್ದನ್ನು ಒಂದಕ್ಕೊಂದು ಕಟ್ಟಬೇಕು.

ನಾನು ಎಸ್ಟಿಮೇಟನ್ನು ಮೂರು ಹಾಳೆಯಲ್ಲಿ ಬರೆದುಕೊಟ್ಟೆ. ಮೊದಲನೆಯದರಲ್ಲಿ ಭೂಕಂಪ ಬರಲಿ ಬಿಡಲಿ ಆ ಮನೆಗೆ ಮಾಡಲೇಬೇಕಿದ್ದ ರಿಪೇರಿ. ಎರಡನೆಯದರಲ್ಲಿ ಕಂಪನಕ್ಕೆಂದೇ ಮಾಡುವ ಕೆಲಸ. ಮೂರನೆಯದು "ಹೇಗೂ ಕೆಲಸ ನಡೀತಿದೆ, ಇದೂ ಆಗಿಬಿಡಲಿ" ಎಂದು ಮನೆಯವರು ಸೇರಿಸುವ ಪಟ್ಟಿ: ಬಚ್ಚಲಿಗೆ ಟೈಲ್ಸ್, ಹೊಸ ವೈರಿಂಗ್, ಬಣ್ಣ. ಮೂರನ್ನೂ ಒಂದೇ ಮೊತ್ತ ಮಾಡಿ 'ಭೂಕಂಪದ ಖರ್ಚು' ಎಂದು ಹೆಸರಿಟ್ಟರೆ ಯಾರಾದರೂ ಹೆದರುತ್ತಾರೆ. ಹೆದರಿದವರು ಮೊದಲು ಕೈಬಿಡುವುದು ಎರಡನೇ ಹಾಳೆಯನ್ನು. ಟೈಲ್ಸ್ ಕೈಬಿಟ್ಟವರನ್ನು ನಾನಿನ್ನೂ ನೋಡಿಲ್ಲ.

ಕೆಲಸ ಶುರುವಾದದ್ದು ಮಾಳಿಗೆಯಿಂದ. ಸೋರಿದಾಗಲೆಲ್ಲ ಮೇಲೊಂದು ಪದರ ಮಣ್ಣು ಬಡಿಯುವುದು ಹಳೇ ರೂಢಿ. ಮೇಷ್ಟ್ರ ತಂದೆಯ ಕಾಲದಿಂದ ಬಡಿದೂ ಬಡಿದೂ ಚಪ್ಪಡಿಯ ಮೇಲೆ ಆರು ಅಂಗುಲ ಮಣ್ಣು ಕೂತಿತ್ತು. ನಾಲ್ಕು ಅಂಗುಲದ ಕಲ್ಲು ಚಪ್ಪಡಿ ಒಂದು ಚದರಕ್ಕೆ ಎರಡೂವರೆ ಟನ್ ತೂಗುತ್ತದೆ. ಆರು ಅಂಗುಲ ಮಣ್ಣೂ ಹೆಚ್ಚುಕಡಿಮೆ ಅಷ್ಟೇ. ಅಂದರೆ ಮನೆ ಎರಡು ಚಾವಣಿ ಹೊತ್ತು ನಿಂತಿತ್ತು! ಆರು ಚದರದಿಂದ ಹದಿನಾಲ್ಕು ಟನ್ ಮಣ್ಣು ಇಳಿಸಿ ಟ್ರಾಕ್ಟರಿನಲ್ಲಿ ಮೇಷ್ಟ್ರ ತೋಟಕ್ಕೇ ಸಾಗಿಸಿದೆವು. ಚಪ್ಪಡಿಯ ಮೇಲೆ ವೆಲ್ಡ್ ಮೆಶ್ (ಬೆಸೆದ ಕಂಬಿ ಜಾಲರಿ) ಹಾಸಿ ಎರಡು ಅಂಗುಲ ಕಾಂಕ್ರೀಟ್ ಹಾಕಿದೆವು. ಇದರ ತೂಕ ತೆಗೆದ ಮಣ್ಣಿನ ಅರ್ಧದಷ್ಟು. ಬಿಡಿಬಿಡಿಯಾಗಿ ಗೋಡೆಯ ಮೇಲೆ ನಾಲ್ಕೈದು ಅಂಗುಲ ಮಾತ್ರ ಕೂತಿದ್ದ ಚಪ್ಪಡಿಗಳು ಒಂದೇ ಹಲಗೆಯಾದವು, ಸೋರುವುದೂ ನಿಂತಿತು. ಸೋರಿಕೆಗೆ ಹೇಗೂ ಹಣ ಎತ್ತಿಟ್ಟಿದ್ದರಲ್ಲ, ಹಾಗಾಗಿ ಮಣ್ಣು ತೆಗೆದ ಕೂಲಿ, ಕಾಂಕ್ರೀಟಿನ ಖರ್ಚು ಮೊದಲ ಹಾಳೆಗೆ ಹೋಯಿತು. ಮೆಶ್ಶು, ಅಂಚಿನಲ್ಲಿ ಕಾಂಕ್ರೀಟನ್ನು ಗೋಡೆಗೆ ಬಿಗಿಯಲು ಬಗ್ಗಿಸಿ ಇಳಿಸಿದ ಕಂಬಿ, ಇಷ್ಟು ಮಾತ್ರ ಎರಡನೇ ಹಾಳೆಗೆ: 22 ಸಾವಿರ.

ಮಾಳಿಗೆಯ ಸುತ್ತ ಮೂರಡಿ ಎತ್ತರದ ಇಟ್ಟಿಗೆ ಪ್ಯಾರಪೆಟ್ ಇತ್ತು. ಸಣ್ಣ ಕಂಪನಕ್ಕೂ ಮೊದಲು ಉರುಳುವುದು ಅದೇ, ಬೀಳುವುದೂ ಬಾಗಿಲಿಂದ ಹೊರಗೆ ಓಡಿ ಬಂದವರ ತಲೆ ಮೇಲೆ. ತೆಗೆಸಿ ಪೈಪಿನ ಕಟಕಟೆ ಹಾಕಿಸಿದೆ, 18 ಸಾವಿರ. ಕೈಯಲ್ಲಿ ದುಡ್ಡು ಕಡಿಮೆ ಇರುವವರಿಗೆ ಇದೊಂದನ್ನಾದರೂ ಮಾಡಿಸಿ ಅನ್ನುತ್ತೇನೆ.

ನಾಜೂಕಿನ ಕೆಲಸ ಇದ್ದದ್ದು ಗೋಡೆಯಲ್ಲಿ. ಎರಡು ಸಾಲಿನ ಕಲ್ಲುಗೋಡೆ ಅಲುಗಿದಾಗ ಹೊರಸಾಲು ಹೊರಕ್ಕೆ, ಒಳಸಾಲು ಒಳಕ್ಕೆ ಬಿಚ್ಚಿಕೊಳ್ಳುತ್ತದೆ. ಹೊಸದಾಗಿ ಕಟ್ಟುವಾಗಲಾದರೆ ಎರಡೂ ಸಾಲನ್ನು ಹಾಯುವ ಉದ್ದ ಕಲ್ಲು ಇಡಬಹುದು. ಅಡ್ಡಕ್ಕೆ ನಾಲ್ಕಡಿಗೊಂದು, ಎತ್ತರಕ್ಕೆ ಎರಡಡಿಗೊಂದು ಎನ್ನುತ್ತದೆ ಐಎಸ್ 13828. ನಿಂತಿರುವ ಗೋಡೆಗೆ ಅದನ್ನೇ ಕಾಂಕ್ರೀಟಿನಲ್ಲಿ ಮಾಡಬೇಕು.

ನಮ್ಮ ಮೇಸ್ತ್ರಿ ಬೇತಮಂಗಲದ ಕಡೆಯವರು. ಅವರ ತಂದೆ ಕೆಜಿಎಫ್ ಗಣಿಯಲ್ಲಿ ದುಡಿದವರು. ಗಣಿಯೊಳಗೆ ಬಂಡೆ ಸಿಡಿದು ಮೇಲಿನ ಮನೆ ನಡುಗುವುದನ್ನು ಅಲ್ಲಿ 'ಏರ್‌ಬ್ಲಾಸ್ಟ್' ಅನ್ನುತ್ತಿದ್ದರು, ಅದನ್ನು ಕೇಳುತ್ತಲೇ ಬೆಳೆದ ಮನುಷ್ಯ. ಸುತ್ತಿಗೆಯ ಹಿಡಿಯಿಂದ ಗೋಡೆಗೆ ತಟ್ಟುತ್ತಾ ಹೋಗುತ್ತಾರೆ. 'ಟಣ್' ಅಂದರೆ ಮುಂದಕ್ಕೆ, 'ದಬ್' ಅಂದರೆ ಅಲ್ಲಿ ಸೀಮೆಸುಣ್ಣದ ಗುರುತು. ಗುರುತಿದ್ದಲ್ಲಿ ಗಾರೆ ಕೆರೆದು, ಒಂದು ಸಣ್ಣ ಕಲ್ಲನ್ನು ಸಬ್ಬಲಿನಿಂದ ಮೆಲ್ಲಗೆ ಅಲುಗಿಸಿ ಎಳೆಯುತ್ತಾರೆ. ಸುತ್ತಿಗೆಯಿಂದ ಹೊಡೆಯುವಂತಿಲ್ಲ, ಅಕ್ಕಪಕ್ಕದ ಕಲ್ಲು ಸಡಿಲಾಗುತ್ತದೆ. ಒಳಗಿನ ಮಣ್ಣನ್ನು ಕೈಯಿಂದಲೇ ಬಗೆದು ಆ ಕಡೆಯ ಸಾಲಿನವರೆಗೂ ದಾರಿ ಮಾಡುತ್ತಾರೆ. ಬಗೆದಾಗ ಸಿಕ್ಕಿದ್ದು ನಾಡಹೆಂಚಿನ ಚೂರು, ಇಲಿ ಬಿಲ, ಒಂದು ಕಡೆ ಮೊಣಕೈವರೆಗೂ ಇಳಿಯುವ ಪೊಳ್ಳು. ತೂತು ನಡುವೆ ಮೂರು ಅಂಗುಲ ಇದ್ದರೆ ಸಾಕು, ಎರಡೂ ತುದಿಯಲ್ಲಿ ಮಾತ್ರ ಅಗಲವಾಗಿರಬೇಕು. ಎರಡೂ ಕಡೆ ಕೊಕ್ಕೆ ಬಗ್ಗಿಸಿದ 8 ಎಂಎಂ ಕಂಬಿ ಇಟ್ಟು, ಸಣ್ಣ ಜಲ್ಲಿಯ ಕಾಂಕ್ರೀಟನ್ನು ಗಿಡಿದು ತುಂಬಿ, ಹತ್ತು ದಿನ ನೀರು ಹಾಕಬೇಕು. ಒಂದರ ಪಕ್ಕದಲ್ಲೇ ಇನ್ನೊಂದನ್ನು ಅದೇ ದಿನ ಬಿಚ್ಚುವಂತಿಲ್ಲ.

ಒಂದಕ್ಕೆ ತಗಲುವ ಸಿಮೆಂಟು, ಜಲ್ಲಿ, ಕಂಬಿ ಎಲ್ಲ ಸೇರಿ ನೂರು ರೂಪಾಯಿ ದಾಟುವುದಿಲ್ಲ. ಉಳಿದದ್ದು ಕೂಲಿ ಮತ್ತು ಸಾರುವೆ. 2022ರ ಬೇಸಿಗೆಯ ರೇಟಿನಲ್ಲಿ ಒಂದಕ್ಕೆ 500ರಂತೆ ಎಪ್ಪತ್ತಕ್ಕೆ 35 ಸಾವಿರ ಬಿತ್ತು. ಗೋಡೆ ಹೊಟ್ಟೆ ಬಂದಿದ್ದರೆ ಮಾತ್ರ ಈ ವಿದ್ಯೆ ನಡೆಯದು. ಅಷ್ಟು ಭಾಗವನ್ನು ಬಿಚ್ಚಿ ಮತ್ತೆ ಕಟ್ಟಬೇಕು, ಖರ್ಚಿನ ಲೆಕ್ಕವೇ ಬೇರೆಯಾಗುತ್ತದೆ.

ಆಮೇಲೆ ಪಟ್ಟಿ. ಕಿಟಕಿ-ಬಾಗಿಲುಗಳ ನೆತ್ತಿಯ ಮೇಲೆ, ಮನೆಯ ಸುತ್ತ ಎಲ್ಲೂ ತುಂಡಾಗದಂತೆ, ಸೊಂಟಕ್ಕೆ ಉಡಿದಾರ ಕಟ್ಟಿದ ಹಾಗೆ ಹತ್ತು ಅಂಗುಲ ಅಗಲದ ವೆಲ್ಡ್ ಮೆಶ್ ಪಟ್ಟಿ ಓಡಿಸಬೇಕು. ಐಎಸ್ 13935 ಹೇಳುವ ವಿಧಾನ ಇದೇ. ಗಾರೆ ಕಿತ್ತು, ಸಂದಿಯ ಮಣ್ಣು ಅರ್ಧ ಅಂಗುಲ ಆಳ ಕೆರೆದು, ತೊಳೆದು, ಒಂದಕ್ಕೆ ಮೂರರ ಸಿಮೆಂಟ್ ಗಾರೆಯ ಒಂದು ಕೋಟು, ಮೇಲೆ ಮೆಶ್, ಮತ್ತೊಂದು ಕೋಟು. ಮಣ್ಣಿನ ಸಂದಿಯಲ್ಲಿ ಮೊಳೆ ನಿಲ್ಲುವುದಿಲ್ಲ. ಅದಕ್ಕೇ ಒಳಗಿನ ಪಟ್ಟಿಗೂ ಹೊರಗಿನ ಪಟ್ಟಿಗೂ ಗೋಡೆ ಹಾಯುವ ಕಂಬಿ ಕೊಟ್ಟು ಬಿಗಿದೆವು. ಇಲ್ಲಿ ದುಡ್ಡು ಉಳಿಸಲು ಕೋಳಿಬಲೆ ಹಾಕುವವರಿದ್ದಾರೆ. ಅದು ಗಾರೆ ಬಿರುಕು ತಡೆಯಲು ಸರಿ, ಮೂಲೆಯಲ್ಲಿ ಎರಡು ಗೋಡೆಯನ್ನು ಹಿಡಿದು ನಿಲ್ಲಿಸುವ ತಾಕತ್ತು ಅದಕ್ಕಿಲ್ಲ. ಒಳಗೂ ಹೊರಗೂ ಸೇರಿ 280 ಅಡಿ ಪಟ್ಟಿಗೆ 62 ಸಾವಿರ ಆಯಿತು. ಮೊದಲ ಹಾಳೆಯಲ್ಲಿ ಹೇಗೂ ಗಾರೆ ಕೆಲಸ ಇತ್ತು, ಸಾರುವೆ ಕಟ್ಟಿಯೇ ಇತ್ತು. ಇಲ್ಲದಿದ್ದರೆ ಕಿತ್ತು ಮತ್ತೆ ಬಳಿಯುವುದಕ್ಕೇ ಇನ್ನರ್ಧದಷ್ಟು ಸೇರುತ್ತಿತ್ತು. ಒಳಗಿನ ಹಸಿ ಇಟ್ಟಿಗೆಯ ಅಡ್ಡಗೋಡೆಗಳಿಗೆ ಸಿಮೆಂಟು ಮುಟ್ಟಿಸಲಿಲ್ಲ. ಮಣ್ಣಿನ ಮೇಲೆ ಅದು ನಿಲ್ಲುವುದಿಲ್ಲ, ತೇವವನ್ನೂ ಒಳಗೇ ಹಿಡಿದಿಡುತ್ತದೆ.

ಹೆಂಚಿನ ಭಾಗದಲ್ಲಿ ಗೆದ್ದಲು ತಿಂದ ಜಂತೆ, ರೀಪರ್ ಬದಲಿಸಿದ್ದು ಮೊದಲ ಹಾಳೆ. ಜಂತೆಗಳನ್ನು ಗೋಡೆ ಮೇಲಿನ ಮರಕ್ಕೆ ಕಬ್ಬಿಣದ ಪಟ್ಟಿಯಿಂದ ಬಿಗಿದು, ಮೂಲೆಯಿಂದ ಮೂಲೆಗೆ ಓರೆ ಪಟ್ಟಿ ಹೊಡೆದದ್ದು ಎರಡನೆಯದು, 12 ಸಾವಿರ.

ಎಲ್ಲ ಕೂಡಿದಾಗ ಎರಡನೇ ಹಾಳೆ 1 ಲಕ್ಷ 49 ಸಾವಿರ, ಮೊದಲನೆಯದು 2 ಲಕ್ಷ 5 ಸಾವಿರ, ಮೂರನೆಯದು 90 ಸಾವಿರದ ಹತ್ತಿರ. ಅದೇ ಜಾಗದಲ್ಲಿ ಹನ್ನೆರಡು ಚದರದ ಹೊಸ ಮನೆಗೆ ಆಗ ಏನಿಲ್ಲವೆಂದರೂ 24 ಲಕ್ಷ ಬೇಕಿತ್ತು. ಈ ಅಂಕಿಗಳನ್ನು ಹಿಡಿದುಕೊಂಡು ಬಿ.ಬಿ. ರಸ್ತೆಯ ಕೆಳಗೆ ಅಂಗಡಿ ಮೇಲೆ ಮನೆ ಇರುವ ಪಿಲ್ಲರ್ ಕಟ್ಟಡಕ್ಕೆ ಲೆಕ್ಕ ಹಾಕಬೇಡಿ. ಅಲ್ಲಿ ಗೋಡೆಯಿಲ್ಲದ ಕೆಳಮಹಡಿಯೇ ತೊಂದರೆ. ಕಾಂಕ್ರೀಟ್ ಪರೀಕ್ಷೆ ಮಾಡಿಸಿ, ಪಿಲ್ಲರಿಗೆ ಹೊಸ ಕಂಬಿ-ಕಾಂಕ್ರೀಟಿನ ಕವಚ ಹಾಕಬೇಕಾಗುತ್ತದೆ, ಅಂಗಡಿಯವರ ಬಾಡಿಗೆ ನಿಂತ ನಷ್ಟವೂ ಸೇರುತ್ತದೆ.

ಮೇಷ್ಟ್ರ ಮನೆಯಲ್ಲಿ ಉಳಿದದ್ದು ಪಡುವಣ ಗೋಡೆ. ಪಾಲಾದಾಗ ಮನೆ ಎರಡಾಗಿ, ಆ ಗೋಡೆ ಅಣ್ಣತಮ್ಮಂದಿರಿಬ್ಬರಿಗೂ ಸೇರಿದೆ. ಕಂಬಿ ಹಾಯಿಸಬೇಕೆಂದರೆ ತಮ್ಮನ ನಡುಮನೆಯ ಕಡೆಯಿಂದಲೂ ಕಲ್ಲು ತೆಗೆಯಬೇಕು. "ನಮ್ಮಣ್ಣ ಹೆದ್ರುಕೊಂಡ್ರೆ ನಾನ್ಯಾಕೆ ಮನೆ ತೂತು ಮಾಡ್ಸಲಿ?" ಅಂದ ತಮ್ಮ. ಖರ್ಚೆಲ್ಲ ನನ್ನದೇ ಎಂದು ಮೇಷ್ಟ್ರು ಹೇಳಿ ಕಳಿಸಿದ ಮೇಲೂ ಒಪ್ಪಲಿಲ್ಲ. ಅಣ್ಣನ ದುಡ್ಡಿನಲ್ಲಿ ಗೋಡೆ ಗಟ್ಟಿಯಾದರೆ ನಾಳೆ ಗೋಡೆಯೇ ಅವನದು ಅಂದಾನು ಎಂಬ ಅನುಮಾನ. ಸುತ್ತಿ ಬರಬೇಕಾದ ಪಟ್ಟಿಯನ್ನು ಆ ಕಡೆ ಒಳಮುಖದಲ್ಲಿ ಮಾತ್ರ ಓಡಿಸಿ, ಎರಡೂ ಮೂಲೆಯಲ್ಲಿ ಕಂಬಿ ದ್ವಿಗುಣ ಮಾಡಿ ನಿಲ್ಲಿಸಿದ್ದೇವೆ. ಪೂರ್ತಿ ಸುತ್ತಿದ ಪಟ್ಟಿಗೆ ಇದು ಸಮವಲ್ಲ ಎಂದು ಬಿಲ್ಲಿನಲ್ಲೇ ಬರೆದು ಮೇಷ್ಟ್ರ ಸಹಿ ಹಾಕಿಸಿಕೊಂಡೆ. ತಮ್ಮ ಒಪ್ಪಿದರೆ ಆ ಗೋಡೆಗೆ ಇನ್ನು ಬೇಕಾದದ್ದು 15 ಸಾವಿರದೊಳಗೆ. ವಕೀಲರ ಹತ್ತಿರ ಗೋಡೆ ಜಂಟಿ ಎಂದು ಒಂದು ಒಪ್ಪಂದ ಬರೆಸಿದರೆ ಒಪ್ಪಬಹುದೇನೋ ಎಂದು ಮೇಷ್ಟ್ರು ಕೇಳುತ್ತಿದ್ದರು. ಬರೆಸಿ ಅಂದಿದ್ದೇನೆ, ವಕೀಲರ ಫೀಸನ್ನೂ ಎರಡನೇ ಹಾಳೆಗೇ ಸೇರಿಸಿಕೊಳ್ಳೋಣ.