ಹಳೆ ಹಾರ್ಡ್ ಡಿಸ್ಕ್ ಕ್ಲೋನ್ ಮಾಡಿ, ಸಿ ಡ್ರೈವ್ ದೊಡ್ಡದು ಮಾಡಿದ ಬಗೆ

ಹಾವೇರಿಯಲ್ಲಿ ನಮ್ಮದೊಂದು ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಬಿಲ್ ಬುಕ್, ಶ್ರದ್ಧಾಂಜಲಿ ಬ್ಯಾನರ್ ಎಲ್ಲಾ ಒಂದೇ ಡೆಸ್ಕ್‌ಟಾಪಿನಲ್ಲಿ ತಯಾರಾಗುತ್ತವೆ. ಪುಟ ಜೋಡಿಸುವ ಪೇಜ್‌ಮೇಕರ್, ಹಳೆ ನುಡಿ ಫಾಂಟುಗಳು, ಹದಿನೈದು ವರ್ಷದ ಫೈಲುಗಳು ಅದರೊಳಗಿವೆ. 500 ಜಿಬಿಯ ತಿರುಗುವ ಡಿಸ್ಕು. ಸಿ ಡ್ರೈವಿಗೆ 97 ಜಿಬಿ, ಡಿ ಡ್ರೈವಿಗೆ 368 ಜಿಬಿ. ಸಿ ಯಾವಾಗಲೂ ಕೆಂಪು, ಡಿ ಅರ್ಧ ಖಾಲಿ.

ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ ವೇಗದ ಡಿಸ್ಕು) ಹಾಕಿ ವಿಂಡೋಸ್ ಹೊಸದಾಗಿ ಇನ್‌ಸ್ಟಾಲ್ ಮಾಡಿ ಎಂದು ಬಹಳ ಜನ ಹೇಳಿದರು. ಹಿಂದೊಮ್ಮೆ ಹಾಗೇ ಒಬ್ಬರ ಕೈಗೆ ಯಂತ್ರ ಕೊಟ್ಟಿದ್ದೆ. ಫಾರ್ಮ್ಯಾಟ್ ಮಾಡಿ ಚೊಕ್ಕಟವಾಗಿ ವಾಪಸ್ ಕೊಟ್ಟರು. ಮದುವೆ ಕಾರ್ಡ್ ತೆರೆದರೆ ಮದುಮಗಳ ಹೆಸರಿನ ಜಾಗದಲ್ಲಿ ತಲೆಯ ಮೇಲೆ ಗೀಟು ಹೊತ್ತ ಇಂಗ್ಲಿಷ್ ಅಕ್ಷರಗಳ ಸಾಲು. ಯೂನಿಕೋಡ್‌ಗೆ ಮುಂಚಿನ ನುಡಿ ಫೈಲುಗಳು ಹಾಗೆಯೇ: ಅದೇ ಫಾಂಟ್ ಇಲ್ಲದಿದ್ದರೆ ಕನ್ನಡ ಕಾಣುವುದೇ ಇಲ್ಲ. ಎಲ್ಲಾ ಫಾಂಟ್ ಹುಡುಕಿ ಕೂಡಿಸಲು ಎರಡು ವಾರ ಹಿಡಿಯಿತು. ಆವತ್ತೇ ತೀರ್ಮಾನಿಸಿದೆ, ಇನ್ನು ಮುಂದೆ ಡಿಸ್ಕ್ ಬದಲಿಸಿದರೆ ಕ್ಲೋನ್ ಮಾಡಿಯೇ, ಅಂದರೆ ಇಡೀ ಡಿಸ್ಕನ್ನು ಇದ್ದಹಾಗೇ ನಕಲಿಸಿಯೇ ಬದಲಿಸುವುದು.

ಎಸ್‌ಎಸ್‌ಡಿ ಕೊಳ್ಳುವಾಗ ಅಳತೆ ನೋಡಿ. ಪೆಟ್ಟಿಗೆಯ ಮೇಲೆ 480 ಜಿಬಿ ಎಂದಿದ್ದರೆ ವಿಂಡೋಸ್‌ನಲ್ಲಿ ಕಾಣುವುದು ಸುಮಾರು 447. ಹಳೆಯ 500ರದ್ದು 465. ಹದಿನೆಂಟು ಜಿಬಿ ಸಾಲದೆ ಕ್ಲೋನ್ ನಿಂತುಹೋಗುತ್ತದೆ. ಮೊದಲು ಪಾರ್ಟಿಷನ್ (ಸಿ, ಡಿ ಥರ ಡಿಸ್ಕಿನ ಒಂದು ಭಾಗ) ಕುಗ್ಗಿಸುವ ಹೆಚ್ಚಿನ ಕೆಲಸ ಬೀಳುತ್ತದೆ. ನಾನು 1 ಟಿಬಿ ತಂದೆ, ಅದು 931 ಎಂದು ತೋರಿಸುತ್ತದೆ.

ಕ್ಲೋನ್‌ಗೆ ಮುಂಚೆ ಹಳೆ ಡಿಸ್ಕಿನ ಆರೋಗ್ಯ ನೋಡಲೇಬೇಕು. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ತೆರೆದು 'ಕರೆಂಟ್ ಪೆಂಡಿಂಗ್ ಸೆಕ್ಟರ್' ಸಾಲು ನೋಡಿ. ಅದು ಸೊನ್ನೆ ಇದ್ದರೆ ಮುಂದುವರಿಯಿರಿ. ಇಲ್ಲದಿದ್ದರೆ ಓದಲಾಗದ ಜಾಗಗಳಿವೆ ಎಂದರ್ಥ. ಮೊದಲು ಮುಖ್ಯ ಫೈಲುಗಳನ್ನು ಬೇರೆ ಕಡೆ ಎತ್ತಿಡಿ, ಆಮೇಲೆ ಡಿಡಿರೆಸ್ಕ್ಯೂ ಥರದ ತಂತ್ರಾಂಶ ಬಳಸಿ. ಅದು ಕೆಟ್ಟ ಜಾಗವನ್ನು ಬಿಟ್ಟು ಉಳಿದದ್ದನ್ನು ಮೊದಲು ನಕಲಿಸಿ, ಕೊನೆಗೆ ಕೆಟ್ಟದ್ದಕ್ಕೆ ಮರಳುತ್ತದೆ. ನಮ್ಮ ಡಿಸ್ಕ್ ಚೆನ್ನಾಗಿತ್ತು. ಆದರೂ ಡಿ ಡ್ರೈವನ್ನು ಹೊರಗಿನ ಯುಎಸ್‌ಬಿ ಡಿಸ್ಕಿಗೆ ಕಾಪಿ ಮಾಡಿಟ್ಟೆ. ಇದನ್ನು ಬಿಡಬೇಡಿ.

ಆಮೇಲೆ ವಿಂಡೋಸ್‌ನಲ್ಲಿ ಮೂರು ಕೆಲಸ. ಸಿ ಮತ್ತು ಡಿ ಎರಡರ ಪ್ರಾಪರ್ಟೀಸ್‌ಗೆ ಹೋಗಿ, ಟೂಲ್ಸ್‌ನಲ್ಲಿ ದೋಷ ಪರೀಕ್ಷೆ ಓಡಿಸಿ. ಬಿಟ್‌ಲಾಕರ್ (ಡ್ರೈವಿಗೆ ವಿಂಡೋಸ್ ಹಾಕುವ ಗುಪ್ತಲಿಪಿಯ ಬೀಗ) ಇದ್ದರೆ ಆಫ್ ಮಾಡಿ, ಬಿಡಿಸುವುದು ಮುಗಿಯುವವರೆಗೂ ಕಾಯಿರಿ. ಪವರ್ ಆಪ್ಷನ್ಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್‌ನ ಟಿಕ್ ತೆಗೆಯಿರಿ. ಅದು ಆನ್ ಇದ್ದರೆ ಶಟ್‌ಡೌನ್ ಕೊಟ್ಟರೂ ವಿಂಡೋಸ್ ಅರ್ಧ ನಿದ್ದೆಯಲ್ಲಿರುತ್ತದೆ. ಅಂಥ ಡ್ರೈವನ್ನು, ಮುಂದೆ ಪಾರ್ಟಿಷನ್ ಸರಿಸಲು ಬಳಸುವ ಜಿಪಾರ್ಟೆಡ್ ತಂತ್ರಾಂಶ ಮುಟ್ಟುವುದಿಲ್ಲ.

ಕ್ಲೋನ್‌ಗೆ ನಾನು ಬಳಸುವುದು ಕ್ಲೋನ್‌ಜಿಲ್ಲಾ. ತೈವಾನಿನವರು ಕಟ್ಟಿದ್ದು, ಉಚಿತ. ಪೆನ್‌ಡ್ರೈವನ್ನು ಬೂಟ್ ಆಗುವಂತೆ ಮಾಡುವ ರೂಫಸ್‌ನಿಂದ ಅದನ್ನೊಂದು ಪೆನ್‌ಡ್ರೈವಿಗೂ ಜಿಪಾರ್ಟೆಡ್ ಲೈವ್ ಅನ್ನು ಇನ್ನೊಂದಕ್ಕೂ ಹಾಕಿಕೊಂಡೆ.

ಕ್ಯಾಬಿನೆಟ್ ಬಿಚ್ಚಿ ಎಸ್‌ಎಸ್‌ಡಿ ಜೋಡಿಸುವ ಮುಂಚೆ ಎರಡೂ ಡಿಸ್ಕಿನ ಲೇಬಲ್‌ಗಳನ್ನು ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ. ಇಡೀ ಕೆಲಸದಲ್ಲಿ ಪ್ರಾಣ ಇರುವುದು ಇಲ್ಲಿ. ಕ್ಲೋನ್‌ಜಿಲ್ಲಾ ಡಿಸ್ಕುಗಳನ್ನು ಎಸ್‌ಡಿಎ, ಎಸ್‌ಡಿಬಿ ಎಂದು ಕರೆಯುತ್ತದೆ. ಯಾವುದು ಎ, ಯಾವುದು ಬಿ ಎಂಬುದು ಪ್ರತಿ ಸಲ ಒಂದೇ ಇರುತ್ತದೆ ಎಂದು ನಂಬಬಾರದು. ಪಕ್ಕದಲ್ಲೇ ಅಳತೆ, ಮಾಡೆಲ್, ಸೀರಿಯಲ್ ನಂಬರ್ ಬರುತ್ತವೆ. ನಾನು ಫೋಟೋ ಹಿಡಿದು ಸೀರಿಯಲ್ಲಿನ ಕೊನೆಯ ನಾಲ್ಕು ಅಕ್ಷರ ಬಾಯಿಬಿಟ್ಟು ಓದುತ್ತೇನೆ. ನನ್ನ ತಮ್ಮ ಪರದೆ ನೋಡಿ 'ಹೌದಣ್ಣ' ಅನ್ನಬೇಕು. ದಿಕ್ಕು ತಿರುಗಿದರೆ ಖಾಲಿ ಡಿಸ್ಕೇ ತುಂಬಿದ ಡಿಸ್ಕಿನ ಮೇಲೆ ಕೂರುತ್ತದೆ.

ಪೆನ್‌ಡ್ರೈವಿನಿಂದ ಬೂಟ್ ಮಾಡಿ, 'ಡಿವೈಸ್-ಡಿವೈಸ್', 'ಬಿಗಿನರ್', ಆಮೇಲೆ ಲೋಕಲ್ ಡಿಸ್ಕಿನಿಂದ ಲೋಕಲ್ ಡಿಸ್ಕಿಗೆ ಎಂಬುದನ್ನು ಆರಿಸಿ. ಮೊದಲು ಕೇಳುವುದು ಮೂಲ ಡಿಸ್ಕು, ಆಮೇಲೆ ಗುರಿ ಡಿಸ್ಕು. ಪಾರ್ಟಿಷನ್ ಟೇಬಲ್ (ಯಾವ ಪಾರ್ಟಿಷನ್ ಎಲ್ಲಿದೆ ಎಂಬ ಪಟ್ಟಿ) ಬಗ್ಗೆ ಕೇಳಿದಾಗ ಮೂಲದ್ದನ್ನೇ ಬಳಸು ಎಂಬ ಮೊದಲ ಆಯ್ಕೆ ಇರಲಿ. ಎಲ್ಲವನ್ನೂ ಪ್ರಮಾಣಕ್ಕೆ ತಕ್ಕಂತೆ ಹಿಗ್ಗಿಸುವ ಆಯ್ಕೆಯೂ ಇದೆ, ಆದರೆ ನನಗೆ ಸಿ ಮಾತ್ರ ಹೆಚ್ಚು ಬೇಕಿತ್ತು. ಕೊನೆಗೆ ಗುರಿ ಡಿಸ್ಕಿನಲ್ಲಿರುವುದೆಲ್ಲಾ ಹೋಗುತ್ತದೆ ಎಂದು ಎಚ್ಚರಿಸಿ, 'ವೈ' ಒತ್ತಲು ಒಂದಕ್ಕಿಂತ ಹೆಚ್ಚು ಸಲ ಕೇಳುತ್ತದೆ. ಪ್ರತಿ ಸಲವೂ ಮತ್ತೆ ಓದಿ. ಬಳಕೆಯಾದ ಜಾಗವನ್ನಷ್ಟೇ ನಕಲಿಸುವುದರಿಂದ ನಮ್ಮ ಸುಮಾರು 290 ಜಿಬಿ ಒಂದೂವರೆ ಗಂಟೆಯಲ್ಲಿ ಮುಗಿಯಿತು. ಯುಪಿಎಸ್ ಇರಲೇಬೇಕು.

ಮುಗಿದ ಮೇಲೆ ಯಂತ್ರ ಆಫ್ ಮಾಡಿ ಹಳೆ ಡಿಸ್ಕಿನ ಕೇಬಲ್ ಕೀಳಿ. ಎರಡನ್ನೂ ಇಟ್ಟುಕೊಂಡು ವಿಂಡೋಸ್ ಶುರು ಮಾಡಬೇಡಿ. ಎರಡಕ್ಕೂ ಒಂದೇ ಗುರುತು ಇರುವುದರಿಂದ ಗೊಂದಲವಾಗುತ್ತದೆ. ಹೊಸದೊಂದರಿಂದಲೇ ವಿಂಡೋಸ್ ಬಂದದ್ದು ನೋಡಿದ ಮೇಲಷ್ಟೇ ಅಳತೆಯ ಕೆಲಸಕ್ಕೆ ಕೈ ಹಾಕಿ.

ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದರೆ 466 ಜಿಬಿಯಷ್ಟು ಖಾಲಿ ಜಾಗ ಬಲತುದಿಯಲ್ಲಿ ಬಿದ್ದಿತ್ತು, ಆದರೆ ಸಿ ಮೇಲೆ ಒತ್ತಿದರೆ 'ಎಕ್ಸ್‌ಟೆಂಡ್' ಮಂಕಾಗಿತ್ತು. ತನ್ನ ಬಲಕ್ಕೆ ಅಂಟಿಕೊಂಡ ಖಾಲಿ ಜಾಗವನ್ನಷ್ಟೇ ಸಿ ತೆಗೆದುಕೊಳ್ಳಬಲ್ಲದು. ನಡುವೆ ಅರ್ಧ ಜಿಬಿಯ ರಿಕವರಿ ಪಾರ್ಟಿಷನ್ನೂ ಡಿ ಡ್ರೈವೂ ನಿಂತಿವೆ. ಬಸ್ಸಿನ ಸೀಟಿನಂತೆ ಕೊನೆಯವರು ಸರಿದರೆ ಮಾತ್ರ ಮೊದಲಿನವರಿಗೆ ಜಾಗ. ಆ ಸರಿಸುವ ಕೆಲಸ ವಿಂಡೋಸ್‌ನದ್ದಲ್ಲ, ಜಿಪಾರ್ಟೆಡ್‌ನದ್ದು.

ಎರಡನೆಯ ಪೆನ್‌ಡ್ರೈವಿನಿಂದ ಬೂಟ್ ಮಾಡಿ, ಜಿಪಾರ್ಟೆಡ್‌ನಲ್ಲಿ ಡಿ ಆರಿಸಿ 'ರಿಸೈಜ್/ಮೂವ್' ಒತ್ತಿ, ಮುಂದೆ 153 ಜಿಬಿ ಬಿಟ್ಟು ಬಲತುದಿಯವರೆಗೆ ಎಳೆದೆ. ಅಲ್ಲಿ ಲೆಕ್ಕ ಎಂಐಬಿಯಲ್ಲಿ, ಜಿಬಿಯನ್ನು 1024ರಿಂದ ಗುಣಿಸಬೇಕು: 153ಕ್ಕೆ 156672. ಆಮೇಲೆ ರಿಕವರಿಯನ್ನು ಡಿ ಪಕ್ಕಕ್ಕೆ ಸರಿಸಿದೆ. ಕೊನೆಗೆ ಸಿ ಹಿಗ್ಗಿಸಿ 250 ಜಿಬಿ ಮಾಡಿದೆ. ವಿಂಡೋಸ್ ಶುರುವಾಗಲು ಬೇಕಾದ ಎಡತುದಿಯ 100 ಎಂಬಿಯ ಇಎಫ್‌ಐ ಪಾರ್ಟಿಷನ್, ಅದರ ಪಕ್ಕದಲ್ಲಿ ವಿಂಡೋಸ್ ಕಾದಿರಿಸಿಕೊಂಡ 16 ಎಂಬಿಯದ್ದು ಎರಡನ್ನೂ ಮುಟ್ಟಬೇಡಿ. 'ಅಪ್ಲೈ' ಒತ್ತುವವರೆಗೆ ಯಾವುದೂ ಡಿಸ್ಕಿಗೆ ಇಳಿದಿರುವುದಿಲ್ಲ, ಧೈರ್ಯವಾಗಿ ತಿದ್ದಬಹುದು. ಒತ್ತಿದ ಮೇಲೆ ನಡುವೆ ನಿಲ್ಲಿಸಬಾರದು. ಡಿ ಸರಿಯಲು ಬಹಳ ಹೊತ್ತು ಬೇಕು. ನಾನು ರಾತ್ರಿ ಶಟರ್ ಎಳೆದ ಮೇಲೆ ಶುರು ಮಾಡಿದೆ. ಏನೇ ಕೆಟ್ಟರೂ ಹಳೆ ಡಿಸ್ಕು ಕಪಾಟಿನಲ್ಲಿದೆ, ಮತ್ತೆ ಮೊದಲಿನಿಂದ ಮಾಡಬಹುದು ಎಂಬ ನೆಮ್ಮದಿ ಇತ್ತು.

ವಿಂಡೋಸ್ ಬಂದಾಗ ಡಿ ಡ್ರೈವಿನ ಅಕ್ಷರ ಡಿ ಆಗಿಯೇ ಇದೆಯೇ ನೋಡಿ. ಪೇಜ್‌ಮೇಕರ್ ಪುಟದಲ್ಲಿ ಕೂರಿಸಿದ ಫೋಟೋಗಳ ದಾರಿ ಆ ಅಕ್ಷರದಿಂದಲೇ ಶುರುವಾಗುತ್ತದೆ. ಬದಲಾದರೆ ಪ್ರತಿ ಫೋಟೋವನ್ನೂ ಮತ್ತೆ ತೋರಿಸಬೇಕು.

ನಾನು ಮೊದಲು ತೆರೆದದ್ದು 2009ರ ಒಂದು ಗೃಹಪ್ರವೇಶದ ಕಾರ್ಡು. ಒತ್ತು, ಅರ್ಕಾವೊತ್ತು ಎಲ್ಲಾ ಇದ್ದಲ್ಲೇ ಇದ್ದವು, ಗಣಪತಿ ಚಿತ್ರವೂ ಬಂತು. ಹಳೆ ಡಿಸ್ಕಿಗೆ ದಿನಾಂಕದ ಚೀಟಿ ಅಂಟಿಸಿ ಕಪಾಟಿನಲ್ಲಿಟ್ಟಿದ್ದೇನೆ. ಈ ಮದುವೆ ಸೀಸನ್ ಮುಗಿಯುವವರೆಗೆ ಅದನ್ನು ಅಳಿಸುವುದಿಲ್ಲ.